ನೂಲಿಲ್ಲದ ಕಂಬಳಿ

ನನ್ನ ಅತ್ತೆಯವರು, ಎಂದರೆ ಹೆಂಡತಿಯ ತಾಯಿ, ತೀರಿಕೊಂಡ ಮೇಲೆ ಅವರ ಚರಾಸ್ತಿಯೆಲ್ಲ ಇಬ್ಬರು ಹೆಣ್ಣುಮಕ್ಕಳ ನಡುವೆ ಒಂದೇ ಮಧ್ಯಾಹ್ನದಲ್ಲಿ, ಲೋಟದ ಕಾಫಿ ಆರುವಷ್ಟರೊಳಗೆ ಹಂಚಿಹೋಯಿತು. ಬಳೆಗಳು ಜೋಡಿಯಾಗಿದ್ದವು, ಹಿತ್ತಾಳೆ ಚೊಂಬುಗಳು ಜೋಡಿಯಾಗಿದ್ದವು, ಸೀರೆಗಳು ಸಹ ಜಗಳಕ್ಕೆ ಅವಕಾಶ ಕೊಡದಂತೆ ಸಮಸಂಖ್ಯೆಯಲ್ಲಿದ್ದವು. ಕಂಬಳಿ ಮಾತ್ರ ಒಂದೇ ಇತ್ತು.

ಕರಿಯ ಕಂಬಳಿ, ಅಂಚಿಗೆ ಬಿಳಿ ಗೆರೆ. ಬಯಲುಸೀಮೆಯ ಯಾವುದೋ ಸಂತೆಯಿಂದ ಮಾವನವರು ಹೊತ್ತು ತಂದದ್ದಂತೆ. ಅತ್ತೆ ಅದನ್ನು ಹೊದ್ದು ಗದ್ದೆಗೆ ಹೋದರು, ಅದರ ಮೇಲೆ ಇಬ್ಬರು ಮಕ್ಕಳನ್ನು ಮಲಗಿಸಿ ಬೆಳೆಸಿದರು, ಕಡೆಗಾಲದಲ್ಲಿ ಒಲೆಯ ಮುಂದೆ ಅದನ್ನೇ ಹಾಸಿಕೊಂಡು ಕೂತು ಎಲೆಯಡಿಕೆ ಮೆಲ್ಲುತ್ತ ನಮ್ಮನ್ನೆಲ್ಲ ಆಳಿದರು. ಹೀಗಾಗಿ ಅದು ಹೊದಿಕೆಯಾಗಿ ಉಳಿದಿರಲಿಲ್ಲ, ಒಂದು ಬಗೆಯ ಸಿಂಹಾಸನವಾಗಿತ್ತು. ಸಿಂಹಾಸನವನ್ನು ಹಂಚುವುದು ಹೇಗೆ?

ಅಕ್ಕತಂಗಿಯರು ಕೂತು ಒಂದು ವ್ಯವಸ್ಥೆಯನ್ನು ಜಾರಿಗೆ ತಂದರು. ಮಳೆಗಾಲವಿಡೀ ಕಂಬಳಿ ಆಲ್ದೂರಿನ ಅಕ್ಕನ ಮನೆಯಲ್ಲಿರತಕ್ಕದ್ದು. ದೀಪಾವಳಿ ಕಳೆದ ಮೇಲೆ ಕಳಸದ ಹತ್ತಿರವಿರುವ ನಮ್ಮ ಮನೆಗೆ ಬರತಕ್ಕದ್ದು. ಮಳೆ ಹಿಡಿದ ಕೂಡಲೆ ಮರಳಿ ಆಲ್ದೂರಿಗೆ. ಹೋಗುವಾಗ ಬರುವಾಗ ಅದು ಬಸ್ಸಿನಲ್ಲಿ, ಬಟ್ಟೆಯ ಚೀಲದಲ್ಲಿ, ಮಡಿಲಲ್ಲೇ ಕೂತು ಪ್ರಯಾಣ ಮಾಡುತ್ತಿತ್ತು. ನಾನು ಬಸ್ಸು ಹತ್ತುವಾಗ ನನ್ನನ್ನು ಯಾರೂ ಅಷ್ಟು ಜತನದಿಂದ ಬೀಳ್ಕೊಟ್ಟದ್ದು ನೆನಪಿಲ್ಲ.

ವರ್ಷಗಟ್ಟಲೆ ನಡೆದ ಈ ವ್ಯವಸ್ಥೆಯನ್ನು ಕೆಡಿಸಿದ್ದು ನುಸಿ. ಕಳೆದ ದೀಪಾವಳಿಯ ನಂತರ ಚೀಲದಿಂದ ಕಂಬಳಿ ತೆಗೆದು ಬಾಗಿಲ ಬೆಳಕಿಗೆ ಹಿಡಿದಾಗ ಆಚೆಗಿನ ಕಾಫಿ ಗಿಡಗಳು ಕಂಡವು. ಜರಡಿ ಅನ್ನಬಹುದಿತ್ತು, ಆದರೆ ಜರಡಿ ಗಟ್ಟಿಯಾಗಿರುತ್ತದೆ. ಇದು ಬೆರಳಿಟ್ಟಲ್ಲಿ ಪುಡಿಯಾಗುತ್ತಿತ್ತು. ಹೆಂಡತಿ ಕೂಡಲೆ ಆಲ್ದೂರಿಗೆ ಫೋನು ಹಚ್ಚಿದಳು. ಅಕ್ಕನ ದನಿಗೆ ಸ್ಪೀಕರಿನ ಅಗತ್ಯ ಬೀಳುವುದಿಲ್ಲವಾದ್ದರಿಂದ ಉಭಯ ಪಕ್ಷಗಳ ವಾದವನ್ನೂ ನಾನು ಜಗಲಿಯಲ್ಲಿ ಕೂತೇ ಆಲಿಸಿದೆ.

"ನಿನ್ನ ಮನೇಲೇ ನುಸಿ ಹೊಕ್ಕಿದ್ದು ಮಾರಾಯ್ತಿ. ನಾನು ಬೇವಿನ ಸೊಪ್ಪು ಹಾಕಿ ಇಟ್ಟಿದ್ದೆ."

"ಸೊಪ್ಪು ಹಾಕಿದ್ದೆ, ಸರಿ. ಆಮೇಲೆ ಒಂದ್ಸಲನಾದ್ರೂ ಪೆಟ್ಟಿಗೆ ತೆಗೆದು ನೋಡಿದ್ಯಾ?"

"ನೀನು ಕಳ್ಸೋವಾಗ್ಲೇ ತೂತಿತ್ತು ಕಣೆ."

"ಹಾಂ, ತೂತುಗಳನ್ನ ನಾನೇ ಕಟ್ಟಿ ಕಳ್ಸಿದ್ದು!"

ಕೊನೆಗೆ ಅಕ್ಕನ ಕಡೆಯಿಂದ ತಡೆಯಾಜ್ಞೆ ಹೊರಬಿತ್ತು. "ನೋಡು, ಇನ್ನು ನೀನು ಅದನ್ನ ಮುಟ್ಬೇಡ. ಒಗೀಬೇಡ, ಹೊಲೀಬೇಡ, ಕೊಡವಲೂ ಬೇಡ. ಹೇಗಿದ್ಯೋ ಹಾಗೇ ಇಡು. ಮಳೆ ಹಿಡಿದ ಕೂಡ್ಲೆ ನಾನೇ ಬಂದು ತಗೊಂಡ್ಹೋಗ್ತೀನಿ. ಅಮ್ಮಂದು ಅಂತ ಇರೋದು ಅದೊಂದೇ."

"ಹೂಂ," ಅಂದಳು ನನ್ನ ಹೆಂಡತಿ.

ಆ 'ಹೂಂ' ನನಗೆ ಗೊತ್ತು. ದಾಂಪತ್ಯದಲ್ಲಿ ಅದನ್ನು ನಾನು ಹಲವು ಸಲ ಒಪ್ಪಿಗೆ ಎಂದು ತಿಳಿದು ಪೆಟ್ಟು ತಿಂದಿದ್ದೇನೆ.

ಹಾಗೆಂದು ಅವಳು ಹಠಕ್ಕೆ ಬಿದ್ದವಳಲ್ಲ. ಅವಳ ಲೆಕ್ಕಾಚಾರ ನೇರವಾಗಿತ್ತು. ಹಾಗೇ ಇಟ್ಟರೆ ಇನ್ನೊಂದು ಮಳೆಗಾಲಕ್ಕೆ ಕಂಬಳಿ ಇರುವುದಿಲ್ಲ. ಹೊಲಿಯೋಣವೆಂದರೆ ಸೂಜಿ ನಿಲ್ಲಲು ಜಾಗವಿಲ್ಲ. ಆ ದಿನಗಳಲ್ಲೇ ಅವಳು ಮೊಬೈಲಿನಲ್ಲಿ ಒಂದು ವಿಡಿಯೋ ಕಂಡಳು. ನಮಗೆ ಹೆಸರು ಗೊತ್ತಿಲ್ಲದ ಯಾವುದೋ ದೇಶ, ಕಣ್ಣು ಹಾಯುವವರೆಗೂ ಬಯಲು. ಕೆನ್ನೆ ಕೆಂಪಾದ ಹೆಂಗಸರು ನೆಲದ ಮೇಲೆ ಉಣ್ಣೆಯನ್ನು ಉದುರುದುರಾಗಿ ಹರಡುತ್ತಾರೆ, ಬಿಸಿನೀರು ಚಿಮುಕಿಸುತ್ತಾರೆ, ಚಾಪೆ ಸುತ್ತಿದ ಹಾಗೆ ಸುತ್ತುತ್ತಾರೆ, ಆ ಸುರುಳಿಯನ್ನು ಕುದುರೆಗೆ ಕಟ್ಟಿ ಬಯಲ ತುಂಬ ಉರುಳಿಸುತ್ತಾರೆ. ಬಿಚ್ಚಿದರೆ ಕಂಬಳಿ. ಮಗ್ಗ ಇಲ್ಲ, ನೂಲು ಇಲ್ಲ, ಸೂಜಿ ಇಲ್ಲ.

"ಫೆಲ್ಟು ಅಂತಾರಂತೆ ಇದ್ಕೆ," ಅಂದಳು.

ಫೆಲ್ಟು ನನಗೆ ಗೊತ್ತಿಲ್ಲದ ಪದಾರ್ಥವೇನಲ್ಲ. ಹಾರ್ಮೋನಿಯಮ್ಮಿನಲ್ಲಿ ಬೆರಳಿಂದ ಒತ್ತುವ ಮನೆಗಳ ಕೆಳಗೆ ಅಂಟಿಸಿರುವ ಮೆತ್ತನೆಯ ಪಟ್ಟಿ ಅದು. ಹಿಂದಿನ ಕಾಲದ ಪ್ಲಾಂಟರುಗಳ ತಲೆಯ ಮೇಲೆ ಕೂತ ಹ್ಯಾಟೂ ಅದೇ. ಆದರೆ ಅದು ಕಾರ್ಖಾನೆಯಲ್ಲಿ, ನಾವು ನೋಡಬಾರದ ಯಾವುದೋ ವಿಧಾನದಿಂದ ಹುಟ್ಟುತ್ತದೆಂದು ನಂಬಿದ್ದೆ. ನೂಲಿಲ್ಲದೆ ಬಟ್ಟೆ ಎಂಬುದು ಸೃಷ್ಟಿನಿಯಮಕ್ಕೆ ವಿರುದ್ಧವೆಂಬ ನನ್ನ ಅಭಿಪ್ರಾಯವನ್ನು ಗಂಭೀರವಾಗಿ ಮಂಡಿಸಿದೆ. ಅವಳು ವಿಡಿಯೋವನ್ನು ಮತ್ತೆ ಮೊದಲಿನಿಂದ ಹಾಕಿದಳು.

ಹಳೆಯ ಉಣ್ಣೆ ಒಂಟಿಯಾಗಿ ಹಿಡಿತ ಕೊಡುವುದಿಲ್ಲ, ಹೊಸ ಉಣ್ಣೆ ಬೆರೆಸಬೇಕು ಎಂಬುದು ಎಲ್ಲಿಂದಲೋ ಗೊತ್ತಾಯಿತು. ನಮ್ಮಲ್ಲಿ ಕುರಿ ಎಲ್ಲಿ? ಪಕ್ಕದ ಮನೆಯವನು ಬಾಡಿಗೆ ಜೀಪು ಓಡಿಸುತ್ತಾನೆ. ಕಡೂರಿನ ಕಡೆಗೆ ಬಾಡಿಗೆ ಹೋದವನು ಕುರಿಗಾರರಿಂದ ಆಗಷ್ಟೇ ಕತ್ತರಿಸಿದ ಉಣ್ಣೆಯ ಮೂಟೆ ಹಾಕಿಕೊಂಡು ಬಂದ. ಇಳಿಸುವಾಗ ಮುಖ ಅತ್ತ ತಿರುಗಿಸಿಕೊಂಡಿದ್ದ.

"ಅಣ್ಣ, ದಾರಿಯುದ್ದಕ್ಕೂ ಇಡೀ ಮಂದೆ ನನ್ನ ಹಿಂದಿನ ಸೀಟಲ್ಲಿ ಕೂತು ಉಸಿರು ಬಿಟ್ಟ ಹಾಗಿತ್ತು. ಎಂತದಕ್ಕೆ ಇದು?"

ಎಂತದಕ್ಕೆಂದು ಹೆಂಡತಿ ವಿವರಿಸಿದಳು. ಯಾರಿಗೂ ಹೇಳಬಾರದೆಂದೂ ಹೇಳಿದಳು. ಜೀಪಿನವನಿಗೆ ಹಾಗೆ ಹೇಳುವುದು ರೇಡಿಯೋಗೆ ಹೇಳಿದ ಹಾಗೆ ಎಂಬುದು ಆಗ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಮೂಟೆಯಲ್ಲಿ ಉಣ್ಣೆಗಿಂತ ಮುಳ್ಳು, ಹಿಕ್ಕೆ, ಬಯಲುಸೀಮೆಯ ಮಣ್ಣು ಹೆಚ್ಚಿದ್ದವು. ಅಂಟುವಾಳದ ಕಾಯಿ ನೆನೆಸಿ, ಆ ನೊರೆಯಲ್ಲಿ ತೊಳೆದು ತೊಳೆದು ಒಣಗಿಸಿದ ಮೇಲೆ ಮೊದಲು ಅಂಗೈಯಗಲದ ಒಂದು ತುಂಡನ್ನು ಮಾಡಿ ನೋಡುವುದೆಂದಾಯಿತು. ಅಡಿಗೆಮನೆಯ ಕಟ್ಟೆಯ ಮೇಲೆ ಒಂದು ಹಿಡಿ ಉಣ್ಣೆಯನ್ನು ಹೆಂಚು ಹೊದಿಸಿದ ಹಾಗೆ ಎಳೆ ಎಳೆಯಾಗಿ ಜೋಡಿಸಿದಳು. ಅದರ ಮೇಲೆ ಅಡ್ಡಡ್ಡಲಾಗಿ ಇನ್ನೊಂದು ಪದರ, ಮತ್ತೆ ಉದ್ದುದ್ದ ಒಂದು. ಊದಿದರೆ ಹಾರಿಹೋಗುವಂತಿತ್ತು. ಬಿಸಿ ಬಿಸಿ ಅಂಟುವಾಳದ ನೀರು ಚಿಮುಕಿಸಿ, ಮಗುವಿನ ಬೆನ್ನು ನೀವುವ ಹಾಗೆ ಅಂಗೈಯಲ್ಲಿ ನೀವತೊಡಗಿದಳು. ನಾನು ಪೇಪರು ಓದುತ್ತಿದ್ದೆ, ಎಂದರೆ ಪೇಪರಿನ ಮೇಲಿಂದ ನೋಡುತ್ತಿದ್ದೆ. ಬಹಳ ಹೊತ್ತು ಅದು ಒದ್ದೆಯಾದ ಬೆಕ್ಕಿನ ಹಾಗೆಯೇ ಇತ್ತು. ಆಮೇಲೆ ಒಂದು ಕ್ಷಣದಲ್ಲಿ, ಯಾವಾಗ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ, ಅದು ಬೆಕ್ಕಾಗಿರಲಿಲ್ಲ. ಅವಳು ಒಂದು ಮೂಲೆ ಹಿಡಿದು ಎತ್ತಿದಳು. ಉಳಿದ ಮೂರು ಮೂಲೆಗಳೂ ಜೊತೆಗೆ ಎದ್ದು ಬಂದವು.

ನಾನು ಪೇಪರು ಮಡಚಿಟ್ಟೆ.

ಅದನ್ನು ಎಳೆದು ನೋಡಿದೆ. ತಿರುಚಿದೆ. ಎಲ್ಲಾದರೂ ಒಂದು ಗಂಟು, ಒಂದು ಹೆಣಿಗೆ, ಏನಾದರೊಂದು ಮೋಸ ಇರಲೇಬೇಕೆಂದು ಹುಡುಕಿದೆ. ಪ್ರತಿ ಕೂದಲಿಗೂ ಮೀನಿನ ಹಾಗೆ ಕಣ್ಣಿಗೆ ಕಾಣದ ಹುರುಪೆಗಳಿರುತ್ತವಂತೆ, ಬಿಸಿಗೆ ಅವು ಬಾಯಿ ಬಿಟ್ಟು, ಉಜ್ಜಿದಾಗ ಒಂದನ್ನೊಂದು ಕಚ್ಚಿಕೊಂಡು ಮತ್ತೆ ಬಿಡುವುದಿಲ್ಲವಂತೆ. ಕಾಫಿಯ ಕಾಯಿಕೊರಕ ಹುಳ ನೋಡಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ತಂದು ಪರೀಕ್ಷಿಸಿದೆ. ಹುರುಪೆ ಕಾಣಲಿಲ್ಲ. ಕೂದಲುಗಳು ಕಂಡವು, ಲೆಕ್ಕವಿಲ್ಲದಷ್ಟು, ಯಾರ ಅಪ್ಪಣೆಯೂ ಇಲ್ಲದೆ ಒಂದನ್ನೊಂದು ತಬ್ಬಿಕೊಂಡು ನಿಂತವು. ಇಷ್ಟು ವರ್ಷ ಸಹಕಾರ ಸಂಘದ ಸಭೆಗಳಿಗೆ ಹೋಗಿ ಬಂದ ನಾನು ಇಂಥ ಒಗ್ಗಟ್ಟನ್ನು ಎಲ್ಲೂ ಕಂಡಿರಲಿಲ್ಲ. ಆ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಜಗಲಿಯಲ್ಲಿ ಕೂತಿದ್ದೆ. ನನ್ನ ಸೃಷ್ಟಿನಿಯಮ ತಪ್ಪಿತ್ತು, ಅದಕ್ಕೆ ನನಗೆ ಬೇಸರವೂ ಆಗಲಿಲ್ಲ.

ಆದರೆ ಅಂಗೈಯಗಲದ ಹೊಸ ಉಣ್ಣೆ ಬೇರೆ, ಅಮ್ಮನ ಕಂಬಳಿ ಬೇರೆ. ಕಂಬಳಿಯನ್ನು ಒಮ್ಮೆ ಬಿಚ್ಚಿದರೆ ಮುಗಿಯಿತು. ಹದ ತಪ್ಪಿದರೆ ಕೈಯಲ್ಲಿ ಉಳಿಯುವುದು ಒಂದು ಗೋಣಿ ಕೂದಲು, ಆಲ್ದೂರಿನ ಅಕ್ಕ ಮತ್ತೆ ಈ ಮನೆಯ ಮೆಟ್ಟಿಲು ಹತ್ತುವುದಿಲ್ಲ. ಅದು ಹೆಂಡತಿಗೂ ಗೊತ್ತಿತ್ತು. ಅವಳು ಕಂಬಳಿಯನ್ನು ಎದುರಿಗಿಟ್ಟುಕೊಂಡು ಕೂರುವಳು, ಅಂಚಿನ ಒಂದು ಎಳೆಯನ್ನು ಹಿಡಿಯುವಳು, ಬಿಡುವಳು, ಎದ್ದುಹೋಗಿ ಸಾರಿಗೆ ಒಗ್ಗರಣೆ ಹಾಕುವಳು. ಆ ದಿನಗಳಲ್ಲಿ ನಮ್ಮ ಮನೆಯ ಸಾರು ಬಹಳ ಚೆನ್ನಾಗಿತ್ತು.

"ಅಕ್ಕನಿಗೆ ಒಂದು ಮಾತು ಹೇಳಬಹುದಲ್ಲ," ಅಂದೆ.

"ಹೇಳಿದ್ರೆ ಬೇಡ ಅಂತಾಳೆ."

"ಬೇಡ ಅಂದ್ರೆ?"

"ಬೇಡ ಅಂದ್ಮೇಲೆ ಮಾಡಿದ್ರೆ ತಪ್ಪಾಗತ್ತೆ. ಈಗಾದ್ರೆ ಬರೀ ಹೇಳಿಲ್ಲ ಅಷ್ಟೆ."

ಇಂಥ ನ್ಯಾಯಶಾಸ್ತ್ರದ ಎದುರು ನಾನು ಯಾವತ್ತೂ ಗೆದ್ದವನಲ್ಲ. ಒಂದು ಬೆಳಿಗ್ಗೆ ನಾನು ತೋಟದಿಂದ ಬರುವಷ್ಟರಲ್ಲಿ ಅವಳು ಮೊದಲ ಎಳೆ ಎಳೆದಾಗಿತ್ತು. ಆಮೇಲೆ ನಿಲ್ಲಲಿಲ್ಲ. ಉಣ್ಣೆ ಹಿಂಜುವ ಹಣಿಗೆ ನಮ್ಮಲ್ಲಿರಲಿಲ್ಲ. ಚಿಕ್ಕಮಗಳೂರಿನಿಂದ ನಾಯಿಯ ಮೈ ಬಾಚುವ ತಂತಿಯ ಬ್ರಷ್ಷು ಎರಡನ್ನು ತರಿಸಿದೆವು. ಒಂದರ ಮೇಲೊಂದನ್ನು ಎಳೆದು ಅವಳು ಹಿಂಜುತ್ತಿದ್ದರೆ, ನಮ್ಮ ನಾಯಿ ದೂರದಲ್ಲಿ ಕೂತು, ತನಗೆ ಬಂದ ಉಡುಗೊರೆಯನ್ನು ಬೇರೆ ಯಾರೋ ಅನುಭವಿಸುತ್ತಿರುವುದನ್ನು ನೋಡುತ್ತಿತ್ತು. ನುಸಿ ತಿಂದ ಎಳೆಗಳು ಧೂಳಾಗಿ ಉದುರಿದವು, ಗಟ್ಟಿಯಿದ್ದವು ಬಿಚ್ಚಿಕೊಂಡು ಕರಿಯ ಮೋಡವಾದವು. ಕಡೂರಿನ ಉಣ್ಣೆ ಅದಕ್ಕೆ ಬೆರೆಯಿತು. ಬಿಳಿ ಗೆರೆ ಎಲ್ಲಿ ಹೋಯಿತೋ ಕಾಣಲಿಲ್ಲ. ಒಂದು ವಾರದಲ್ಲಿ ಅತ್ತೆಯವರ ಸಿಂಹಾಸನ ಬುಟ್ಟಿಯೊಳಗೆ ಮುಚ್ಚಿಟ್ಟ ಒಂದು ದೊಡ್ಡ ನಿಟ್ಟುಸಿರಿನ ಗಾತ್ರಕ್ಕೆ ಬಂದಿತ್ತು.

ಕಾಫಿಗೆ ಹೂ ತರಿಸುವ ಹೂಮಳೆ ಬಂದು ಹೋಗಿತ್ತು, ಕಾಫಿ ಕುಯ್ಲು ಮುಗಿದು ಸಿಮೆಂಟಿನ ಕಣ ಖಾಲಿ ಬಿದ್ದಿತ್ತು. ಒಳ್ಳೆಯ ಬಿಸಿಲಿದ್ದ ಒಂದು ದಿನವನ್ನು ಗೊತ್ತುಮಾಡಿದೆವು. ಬಚ್ಚಲಿನ ಹಂಡೆಗೆ ಬೆಳಗ್ಗೆಯೇ ಕಾಫಿ ಬೊಡ್ಡೆ ತುರುಕಿ ಉರಿ ಹಾಕಿದೆ. ಆ ದಿನದ ಮಟ್ಟಿಗೆ ಅಗ್ನಿಯ ಖಾತೆ ನನ್ನದು. ಕಣದ ಮೇಲೆ ಕುಯ್ಲಿನ ಟಾರ್ಪಾಲು ಹಾಸಿ, ಅದರ ಮೇಲೆ ಹೆಂಡತಿ ಉಣ್ಣೆ ಹರಡತೊಡಗಿದಳು. ಉದ್ದುದ್ದ ಒಂದು ಪದರ, ಅಡ್ಡಡ್ಡ ಒಂದು ಪದರ. ಗಾಳಿ ಬೀಸಿದರೆ ಇಬ್ಬರೂ ಬಾಗಿ ಮೈಯಿಂದ ಅಡ್ಡ ನಿಲ್ಲುತ್ತಿದ್ದೆವು. ಗಿಡಗಳಿಗೆ ಬೋರ್ಡೋ ಔಷಧಿ ಹೊಡೆಯುವ ಪಂಪಿನಲ್ಲಿ ನೀರು ಸಿಂಪಡಿಸಬಹುದೆಂದು ನಾನು ಸಲಹೆ ಕೊಟ್ಟೆ. ಉತ್ತರವಾಗಿ ಒಂದು ನೋಟ ಬಂತು. ತೆಂಗಿನಗರಿಯ ಹೊಸ ಹಿಡಿಸೂಡಿಯನ್ನು ಅಂಟುವಾಳದ ಬಿಸಿನೀರಿನಲ್ಲಿ ಅದ್ದಿ ಅವಳೇ ಚಿಮುಕಿಸಿದಳು. ಕರಿಮೋಡ ಕುಗ್ಗಿ ನೆಲಕ್ಕೆ ಕೂತಿತು.

ಸುತ್ತಲು ಏನಾದರೂ ಉರುಟಾದದ್ದು ಬೇಕು. ತೋಟಕ್ಕೆ ನೀರು ಹಾರಿಸುವ ಸ್ಪ್ರಿಂಕ್ಲರಿನ ಪೈಪೊಂದನ್ನು ತಂದೆ. ಟಾರ್ಪಾಲಿನ ಸಮೇತ ಉಣ್ಣೆಯನ್ನು ಅದಕ್ಕೆ ಸುತ್ತಿ, ಹಗ್ಗದಿಂದ ಬಿಗಿದು, ಪೈಪಿನ ಎರಡೂ ತುದಿಗೆ ಉದ್ದ ಹಗ್ಗ ಕಟ್ಟಿದೆವು. ಕುದುರೆ ನಮ್ಮಲ್ಲಿರಲಿಲ್ಲ. ಜೀಪಿತ್ತು.

ಜೀಪಿನವನು ಸುರುಳಿಯ ಸುತ್ತ ಒಂದು ಪ್ರದಕ್ಷಿಣೆ ಬಂದು ನಿಂತ. "ಅತ್ತಿಗೆ, ಈ ಜೀಪಲ್ಲಿ ಮದುಮಗಳನ್ನ ತಗೊಂಡ್ಹೋಗಿದೀನಿ, ಹೆಣ ತಗೊಂಡ್ಹೋಗಿದೀನಿ, ಹಂದಿ ಮರೀನೂ ಹೋಗಿದೆ. ಕಂಬಳಿ ಎಳ್ಯೋದು ಇದೇ ಮೊದ್ಲು."

"ಮೆಲ್ಲಗೆ ಎಳಿ ಮಾರಾಯ. ನಮ್ಮಮ್ಮ ಅದು."

ಅವನು ಹೋಗಿ ಸ್ಟಿಯರಿಂಗ್ ಹಿಡಿದು ಕೂತ. ಆಮೇಲೆ ಮೊದಲ ಗೇರಿಗೆ ಹಾಕಿ, ದೇವರ ಉತ್ಸವಮೂರ್ತಿಯನ್ನು ಹೊತ್ತವರು ಕೂಡ ನಡೆಯದಷ್ಟು ನಿಧಾನವಾಗಿ ಹೊರಟ. ಸುರುಳಿ ಹಿಂದೆ ಉರುಳಿತು. ಹೆಂಡತಿ ಪಕ್ಕದಲ್ಲಿ ನಡೆದಳು, ನಾನು ಬಿಸಿನೀರಿನ ಕೊಡ ಹಿಡಿದು ಅವಳ ಹಿಂದೆ, ನಾಯಿ ನನ್ನ ಹಿಂದೆ. ಕಣದ ಸುತ್ತ ಸುತ್ತು ಹಾಕಿದೆವು. ದೂರದಿಂದ ನೋಡಿದವರು ಏನೆಂದುಕೊಂಡರೋ ನಾನು ವಿಚಾರಿಸಲು ಹೋಗಿಲ್ಲ.

ಇಲ್ಲೇ ನಾವು ಎಡವಿದ್ದು. ವಿಡಿಯೋದ ಕುದುರೆ ಬಯಲಿನಲ್ಲಿ ನೆಟ್ಟಗೆ ಹೋಗುತ್ತಿತ್ತು, ನೆಟ್ಟಗೆ ಬರುತ್ತಿತ್ತು. ನಮ್ಮ ಈ ಗುಡ್ಡಗಳಲ್ಲಿ ನೆಟ್ಟಗೆ ಹೋಗಲು ಜಾಗ ಎಲ್ಲಿದೆ? ರಸ್ತೆಯೇ ನೆಟ್ಟಗಿಲ್ಲ. ಸಮತಟ್ಟಾದದ್ದೆಂದರೆ ಕಣ ಒಂದೇ, ಅದರಲ್ಲಿ ಜೀಪು ಗುಂಡಗೆ ತಿರುಗಬೇಕು. ನಮ್ಮವನು ಬಲಕ್ಕೇ ತಿರುಗುತ್ತ ಹೋದ. ಹೊರಸುತ್ತಿನ ತುದಿ ಹೆಚ್ಚು ಉರುಳಿ, ಹೆಚ್ಚು ಉಜ್ಜಿ, ಒಳಸುತ್ತಿನ ತುದಿ ಬರೀ ಕಾಲೆಳೆದುಕೊಂಡು ಬಂದಿತ್ತು. ಸುರುಳಿ ಬಿಚ್ಚಿದಾಗ ಒಂದು ಕಡೆ ಕಂಬಳಿ ಹುಟ್ಟಿತ್ತು, ಇನ್ನೊಂದು ಕಡೆ ಹುಟ್ಟಿರಲಿಲ್ಲ.

ಹುಟ್ಟಿದ ಕಡೆಯನ್ನು ನಾನು ಮರೆಯಲಾರೆ. ಬೆಳಗ್ಗೆ ಉಸಿರಿಗೆ ಹಾರುತ್ತಿದ್ದದ್ದು ಈಗ ದಪ್ಪವಾಗಿ, ಬಿಗಿಯಾಗಿ, ಯಾವುದೋ ಪ್ರಾಣಿಯ ಬೆನ್ನಿನ ಹಾಗೆ ಬೆಚ್ಚಗೆ ಮಲಗಿತ್ತು. ಕುಗ್ಗಿ ಅಗಲ ಕಳೆದುಕೊಂಡಿತ್ತು, ಆದರೆ ಕುಗ್ಗಿದ್ದೆಲ್ಲ ಗಟ್ಟಿಯಾಗಿ ಒಳಗೇ ಇತ್ತು. ನಾನು ಕೈಯಿಟ್ಟೆ. ಇನ್ನೊಂದು ತುದಿ ಬೀಸಣಿಗೆಯ ಹಾಗೆ ಅಗಲವಾಗಿ ಹರಡಿ, ಬೆರಳಿಟ್ಟರೆ ಒಳಕ್ಕೆ ಹೋಗುವಂತೆ ಸಡಿಲವಾಗಿತ್ತು.

"ಎಡಕ್ಕೂ ತಿರುಗಬೇಕಿತ್ತು ಅಂತ ಯಾರೂ ಹೇಳ್ಲಿಲ್ಲ," ಅಂದ ಜೀಪಿನವನು.

ಆಗ ಗೇಟು ಕಿರ್ರೆಂದಿತು. ಕೈಯಲ್ಲಿ ಮಡಚಿದ ಕೊಡೆ, ಹೆಗಲಿಗೆ ಕಂಬಳಿ ತರುವಂಥದೇ ಇನ್ನೊಂದು ಬಟ್ಟೆಯ ಚೀಲ, ಬಸ್ಸಿಳಿದು ಏರು ಹತ್ತಿ ಕೆಂಪಾದ ಮುಖ. ಆಲ್ದೂರಿನ ಅಕ್ಕ. ಮಳೆ ಹಿಡಿಯಲು ಇನ್ನೂ ತಿಂಗಳಿತ್ತು.

ಜೀಪಿನವನು ತಕ್ಷಣ ಬಾನೆಟ್ಟು ಎತ್ತಿ ಅದರೊಳಗೆ ತಲೆ ಹಾಕಿದ. ಇಂಜಿನ್ನಿಗೆ ಏನೂ ಆಗಿರಲಿಲ್ಲ. ಹಿಂದಿನ ದಿನ ಆಲ್ದೂರಿಗೆ ಬಾಡಿಗೆ ಹೋಗಿದ್ದ ಪುಣ್ಯಾತ್ಮ.

"ಏನೋ, ಕಂಬಳಿ ಎಳೀಲಿಕ್ಕಿದೆ ಅಂದ್ಯಲ್ಲ ನಿನ್ನೆ. ಎಲ್ಲೋ ಕಂಬಳಿ?" ಎಂದಳು ಅಕ್ಕ ಅವನ ಬೆನ್ನಿಗೆ. ಅವನು ತಲೆಯನ್ನು ಇನ್ನಷ್ಟು ಒಳಕ್ಕೆ ತೂರಿಸಿದ. ಅವಳು ತಂಗಿಯ ಕಡೆ ತಿರುಗಿದಳು. "ಅಮ್ಮನ ಕಂಬಳಿ ಎಲ್ಲೆ?"

ನನ್ನ ಹೆಂಡತಿ ಮೊಣಕೈವರೆಗೂ ನೊರೆಯಾಗಿ ಟಾರ್ಪಾಲಿನ ಮೇಲೆ ಮಂಡಿಯೂರಿದ್ದಳು. ಕೆಳಗೆ ನೋಡಿದಳು. ಅಕ್ಕನೂ ನೋಡಿದಳು. ಆ ಸಡಿಲ ತುದಿಯೇ ಅವಳ ಕಾಲ ಬುಡದಲ್ಲಿತ್ತು, ಒದ್ದೆ ಕೂದಲಿನ ಕರಿಯ ರಾಶಿ.

"ಇದಾ?"

"ಹೂಂ."

"ಕೊಂದ್ಯಲ್ಲೇ."

ನಾನು ಇಂಥ ಸಂದರ್ಭಗಳಲ್ಲಿ ಕಾಫಿ ಮಾಡುತ್ತೇನೆಂದು ಒಳಗೆ ಹೋಗುವ ವಾಡಿಕೆಯವನು. ಅವತ್ತು ಕೊಡ ಹಿಡಿದು ಅಲ್ಲೇ ನಿಂತೆ. ಅಕ್ಕ ಬೈದಿದ್ದರೆ ನಮಗೆಲ್ಲ ಸಮಾಧಾನವಾಗುತ್ತಿತ್ತು, ಅವಳು ಬೈಯಲಿಲ್ಲ. ಹೆಗಲಿನ ಖಾಲಿ ಚೀಲವನ್ನು ಸರಿಮಾಡಿಕೊಂಡು ಗೇಟಿನತ್ತ ತಿರುಗಿದಳು.

"ಅಕ್ಕ, ನೀರು ಆರ್ತಾ ಇದೆ," ಅಂದಳು ನನ್ನ ಹೆಂಡತಿ. "ಆರಿದ್ರೆ ಇದು ಹಿಡಿಯಲ್ಲ. ಆಮೇಲೆ ಬೈ, ಎಷ್ಟು ಬೇಕಾದ್ರೂ ಬೈ. ರೀ, ತನ್ನಿ ಇಲ್ಲಿ ಆ ಕೊಡ."

ಕೊಟ್ಟೆ. ಅವಳು ಹಂಡೆಯಿಂದ ಆಗತಾನೆ ತೋಡಿದ್ದ ಕುದಿನೀರನ್ನು ಸಡಿಲ ತುದಿಯ ಮೇಲೆ ಒಮ್ಮೆಲೇ ಸುರಿದಳು. ಹಬೆ ಎದ್ದಿತು. ಹಬೆಯ ಜೊತೆ ವಾಸನೆ ಎದ್ದಿತು.

ಅದನ್ನು ಹೇಗೆ ಬರೆಯಲಿ? ಒಲೆಯ ಹೊಗೆ, ಹಳೆಯ ಮಳೆ, ಸೀಗೆಪುಡಿ, ಅದರ ತಳದಲ್ಲಿ ಎಲೆಯಡಿಕೆಯ ಸುಣ್ಣದ ಒಂದು ಖಾರ. ಒಣ ಕಂಬಳಿಯಾಗಿದ್ದಾಗ ಇಷ್ಟು ವರ್ಷ ಬರೀ ನುಸಿಗುಳಿಗೆಯ ವಾಸನೆ ಬರುತ್ತಿತ್ತು. ತೊಳೆದು, ಹಿಂಜಿ, ಬೆರೆಸಿದ ಮೇಲೂ ಪ್ರತಿ ಕೂದಲೂ ಅದನ್ನು ತನ್ನೊಳಗೆ ಬಚ್ಚಿಟ್ಟುಕೊಂಡು, ಬಿಸಿ ತಾಗಿದೊಡನೆ ಬಾಯಿಬಿಟ್ಟಿತ್ತು. ಅಳಿಯನಾದ ನನಗೇ ಅತ್ತೆಯವರು ಬೆನ್ನ ಹಿಂದೆ ಬಂದು ನಿಂತ ಹಾಗಾಗಿ ಪಂಚೆ ಸರಿಮಾಡಿಕೊಂಡೆ.

ಅಕ್ಕ ಗೇಟಿನ ಹತ್ತಿರ ನಿಂತುಬಿಟ್ಟಿದ್ದಳು. ಬೆನ್ನು ನಮ್ಮ ಕಡೆಗಿತ್ತು. ಸ್ವಲ್ಪ ಹೊತ್ತಾದ ಮೇಲೆ ಕೊಡೆಯನ್ನು ಕಣದ ಕಟ್ಟೆಗೆ ಒರಗಿಸಿದಳು, ಚೀಲವನ್ನು ಅದರ ಮೇಲೆ ತೂಗುಹಾಕಿದಳು, ಚಪ್ಪಲಿ ಬಿಟ್ಟಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು.

"ಕೈಯಲ್ಲಿ ನೀವಿದ್ರೆ ಇದು ಮುಂದಿನ ವರ್ಷಕ್ಕೆ ಆಗತ್ತೆ. ಏಳು. ಕಾಲು ಹಾಕು."

ಚಿಕ್ಕಂದಿನಲ್ಲಿ ಇಬ್ಬರೂ ತವರಿನ ಕಣದಲ್ಲಿ ಒಣಗಲು ಹರವಿದ ಪಾರ್ಚ್‌ಮೆಂಟ್ ಕಾಫಿಬೀಜವನ್ನು ಕಾಲಿನಿಂದ ಹೊರಳಿಸಿದವರು. ಕಾಲೆತ್ತದೆ, ಅಂಗಾಲನ್ನು ಉಜ್ಜುತ್ತಲೇ ಸಾಲು ಹಿಡಿದು ಮುಂದೆ ಸರಿಯುವ ನಡಿಗೆ ಅದು. ಆ ನಡಿಗೆಯನ್ನು ಮೈ ಮರೆಯುವುದಿಲ್ಲವೆಂದು ನನಗೆ ಅವತ್ತು ಗೊತ್ತಾಯಿತು. ಸಡಿಲ ತುದಿಯ ಮೇಲೆ ಟಾರ್ಪಾಲು ಮಡಚಿ ಹಾಕಿ ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ತುಳಿಯತೊಡಗಿದರು. ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ನಾನು ಬಿಸಿನೀರು ಸುರಿಯುತ್ತ ಹೋದೆ.

"ನುಸಿ ನಿನ್ನ ಮನೇದೇ," ಅಂದಳು ಅಕ್ಕ, ತುಳಿಯುತ್ತ.

"ಆಯ್ತು."

"ಆಯ್ತಲ್ಲ. ಹೌದು ಅನ್ನು."

"ಹೌದು ಅನ್ನಲ್ಲ. ತುಳಿ."

"ಹೇಳ್ದೆ ಯಾಕೆ ಮಾಡ್ದೆ?"

"ನೀನು ಬೇಡ ಅಂತಿದ್ದೆ."

"ಅಂತಿದ್ದೆ. ಈಗ್ಲೂ ಅಂತೀನಿ." ಮತ್ತೊಂದು ಸಾಲು ತುಳಿದಳು. "ಇಲ್ಲಿ ಇನ್ನೂ ಮೆತ್ತಗಿದೆ. ಭಾವ, ನೀರು ಸುರೀರಿ, ನೋಡ್ತಾ ನಿಂತ್ರೆ ಆಗತ್ತಾ?"

ಹದವಾಯಿತೇ ಎಂದು ನೋಡುವುದಕ್ಕೆ ಒಂದು ಪರೀಕ್ಷೆಯಿದೆ. ಎರಡು ಬೆರಳಿನಲ್ಲಿ ಮೇಲ್ಮೈಯನ್ನು ಚಿವುಟಿ ಎತ್ತಬೇಕು. ಕೂದಲು ಮಾತ್ರ ಎದ್ದು ಬಂದರೆ ಆಗಿಲ್ಲ. ಇಡೀ ಬಟ್ಟೆಯೇ ಎದ್ದರೆ ಆಯಿತು. ಹೆಂಡತಿ ಅದನ್ನು ಹೇಳಿದಾಗ ಅಕ್ಕ ಬಗ್ಗಿ ಚಿವುಟಿದಳು. ಬೆರಳ ತುದಿಯಲ್ಲಿ ಕರಿಯ ಕೂದಲಿನ ಕುಚ್ಚು ಬಂತು. ಅವಳು ಕುಚ್ಚನ್ನು ಒಗೆಯದೆ ಅಲ್ಲೇ ಮೆಲ್ಲಗೆ ಒತ್ತಿಟ್ಟು ಮತ್ತೆ ತುಳಿದಳು. ಬಿಸಿಲು ಸಿಲ್ವರ್ ಓಕಿನ ಆಚೆ ಸರಿಯಿತು. ನಾನು ಹಂಡೆಯನ್ನು ಇನ್ನೊಮ್ಮೆ ತುಂಬಿದೆ. ಜೀಪಿನವನು ಬಾನೆಟ್ಟು ಮುಚ್ಚಿ, ಯಾರೂ ಹೇಳದಿದ್ದರೂ ಕೊಡ ಹೊರತೊಡಗಿದ. ಎರಡನೆಯ ಸಲ ಅಕ್ಕ ಚಿವುಟಿದಳು, ಎತ್ತಿದಳು. ಕಂಬಳಿ ಎದ್ದು ಬಂತು.

ಅವಳು ಬೆರಳು ಬಿಡಲಿಲ್ಲ. ಹಾಗೇ ಎತ್ತಿ ಹಿಡಿದುಕೊಂಡು ನಿಂತಳು. ನೀರು ತೊಟ್ಟಿಕ್ಕುತ್ತಿತ್ತು. ಇಡೀ ಕಂಬಳಿ ಅವಳ ಎರಡು ಬೆರಳಿನಿಂದ ತೂಗುತ್ತಿತ್ತು. ಎಲ್ಲೂ ಒಂದು ತೂತು ಕಾಣಲಿಲ್ಲ, ಎಲ್ಲೂ ಬೆಳಕು ಹಾಯಲಿಲ್ಲ.

"ಕತ್ತರಿ ತಾ," ಅಂದಳು ತಂಗಿಗೆ.

"ಎಂತಕ್ಕೆ?"

"ಬಸ್ಸಲ್ಲಿ ಇದನ್ನ ಹೊತ್ಕೊಂಡು ತಿರುಗಿದ್ದು ಸಾಕು. ನನ್ನ ಮಂಡಿ ಕೇಳಲ್ಲ ಇನ್ನು. ನಿನ್ನನ್ನ ನಂಬಿ ಬಿಡೋದೂ ಸಾಕು."

ಹೆಂಡತಿ ನನ್ನ ಮುಖ ನೋಡಿದಳು. ನೇಯ್ದ ಬಟ್ಟೆಗೆ ಕತ್ತರಿ ಹಾಕಿದರೆ ಅಂಚಿನಿಂದ ಎಳೆ ಬಿಚ್ಚುತ್ತಲೇ ಹೋಗುತ್ತದೆ. ಇಷ್ಟು ಕಷ್ಟಪಟ್ಟು ಕಟ್ಟಿದ್ದನ್ನು ಮತ್ತೆ ಕತ್ತರಿಸುವುದೇ? ನಾನು ವಿಷಯವನ್ನು ಮುಂದೂಡುವ ಉದ್ದೇಶದಿಂದ, ಬೀಸಣಿಗೆಯಾಕಾರದ ಕ್ಷೇತ್ರವನ್ನು ಸಮಪಾಲು ಮಾಡುವುದು ರೇಖಾಗಣಿತದ ಕಠಿಣ ಸಮಸ್ಯೆಯೆಂದೂ ಕಾಗದದ ಮೇಲೆ ಬಿಡಿಸಿ ನೋಡಬೇಕೆಂದೂ ನಿವೇದಿಸಿದೆ. ಅಕ್ಕ ಅಷ್ಟರಲ್ಲಿ ಒಳಗೆ ಹೋಗಿ ಹೊಲಿಗೆ ಯಂತ್ರದ ಮೇಲಿದ್ದ ಕತ್ತರಿಯನ್ನು ತಾನೇ ತಂದಿದ್ದಳು. ಗಟ್ಟಿ ತುದಿಗೂ ಸಡಿಲ ತುದಿಗೂ ನಡುವೆ, ಕಣ್ಣಂದಾಜಿನಲ್ಲಿ ಕತ್ತರಿ ಇಟ್ಟಳು. ನನ್ನ ಹೆಂಡತಿ ಕಣ್ಣು ಮುಚ್ಚಿಕೊಂಡಳು.

ಕತ್ತರಿ ಕರಕರ ಎಂದು ಸಾಗಿತು. ಎರಡು ತುಂಡಾಯಿತು. ನಾನು ಬಗ್ಗಿ ನೋಡಿದೆ. ಅಂಚು ಬೆಣ್ಣೆ ಕೊಯ್ದ ಹಾಗೆ ನಿಂತಿತ್ತು. ಬಿಚ್ಚಿಕೊಳ್ಳಲು ಅದರಲ್ಲಿ ಎಳೆಯೇ ಇರಲಿಲ್ಲವಲ್ಲ! ಇಡಿಯಾಗಿದ್ದಾಗ ಹೇಗಿತ್ತೋ ಅರ್ಧವಾದಾಗಲೂ ಹಾಗೇ ಇತ್ತು. ಇದು ನನ್ನ ತಲೆಗೆ ಇಳಿಯಲು ಸಾಕಷ್ಟು ಹೊತ್ತು ಹಿಡಿಯಿತು. ಇಂದಿಗೂ ಪೂರ್ತಿ ಇಳಿದಿದೆಯೆಂದು ಹೇಳಲಾರೆ.

"ಗಟ್ಟಿ ಇರೋದು ನೀನು ತಗೋ ಅಕ್ಕ. ನೀನು ದೊಡ್ಡವಳು," ಅಂದಳು ಹೆಂಡತಿ.

"ಬೇಡ. ಅದು ಜೀಪು ಮಾಡಿದ್ದು." ಅಕ್ಕ ತಾನು ತುಳಿದಿದ್ದ ಅರ್ಧವನ್ನು ಹಿಂಡಿ, ಸುತ್ತಿ, ಚೀಲಕ್ಕೆ ಹಾಕಿಕೊಂಡಳು. "ಇದಕ್ಕೆ ಇನ್ನೂ ಸ್ವಲ್ಪ ಕಾಲು ಬೇಕು. ಮನೇಲಿ ತುಳೀತೀನಿ."

ಊಟ ಮಾಡಿ ಹೋಗೆಂದರೆ ಕೇಳಲಿಲ್ಲ. ಕೋಪ ಇಳಿದಿತ್ತೆಂದು ನಾನು ಬರೆದರೆ ಸುಳ್ಳಾಗುತ್ತದೆ. ಜೀಪು ಹತ್ತಿ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತು ಚೀಲವನ್ನು ಮಡಿಲಲ್ಲಿಟ್ಟುಕೊಂಡಳು. ನೀರು ಸೋರಿ ಸೀಟು ಒದ್ದೆಯಾಗುತ್ತದೆಂದು ಜೀಪಿನವನು ಗೊಣಗಿದ್ದಕ್ಕೆ, "ಬಾಯಿ ಮುಚ್ಕೊಂಡು ಓಡ್ಸು. ಆ ಬಾಯಿಂದ್ಲೇ ನಾನಿವತ್ತು ಇಲ್ಲಿಗೆ ಬಂದಿದ್ದು," ಅಂದಳು. ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ಹಿಂದಿರುಗಿ ನೋಡಲಿಲ್ಲ.

ಹೆಂಡತಿ ತನ್ನ ಅರ್ಧವನ್ನು ಕಣದ ಕಟ್ಟೆಯ ಮೇಲೆ ಹರಡಿ, ಕೊಯ್ದ ಅಂಚಿನ ಮೇಲೆ ಹೆಬ್ಬೆರಳನ್ನು ಈ ತುದಿಯಿಂದ ಆ ತುದಿಗೆ ಓಡಿಸಿದಳು. ಮತ್ತೆ ಆ ತುದಿಯಿಂದ ಈ ತುದಿಗೆ. ಏನೂ ಉದುರಲಿಲ್ಲ. ಆಗ ಒಳಗೆ ಅವಳ ಫೋನು ಬಡಿದುಕೊಂಡಿತು. ಅವಳ ಕೈ ಒದ್ದೆಯಿತ್ತು, ನಾನೇ ಎತ್ತಿ ಹಲೋ ಅಂದೆ. ಜೀಪಿನ ಸದ್ದನ್ನು ಮೀರಿಸಿದ ದನಿ ಕೇಳಿತು:

"ಭಾವ, ಕೇಳಿ ಅವಳನ್ನ. ಒಣಗಿಸೋದು ನೆರಳಲ್ಲೋ ಬಿಸಿಲಲ್ಲೋ?"